ಕೆಲ್ಬಿ ಸಾಹೇಬನ ಬಡ್ತಿ

ಚಹಾಕ್ಕೆ ನೀರಿಟ್ಟು ಬಂದ ಇಂದೂ ಮತ್ತೊಮ್ಮೆ ಮೇಜಿನ ಮೇಲಿನ ಹಾಳೆಗಳನ್ನು ನೋಡಿದಳು. ಇದ್ದಲ್ಲೇ ಇದ್ದವು. ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕಿಸಿದ ಹಾಳೆಗಳು, ಮೂಲೆಯಲ್ಲೊಂದು ಪಿನ್ನು, ಫ್ಯಾನಿನ ಗಾಳಿಗೆ ಹಾರದಿರಲೆಂದು ಮೇಲೆ ಗಂಡನ ಕನ್ನಡಕದ ಡಬ್ಬಿ. ನಡುವಿನಿಂದ ಕೆಲವು ಹಾಳೆಗಳನ್ನು ತೆಗೆದದ್ದು ನೋಡಿದವರಿಗೆ ತಿಳಿಯುವಂತಿರಲಿಲ್ಲ. ಪುಟದ ಅಂಕಿಗಳಿಗೆ ಬಿಳಿ ಹಚ್ಚಿ ಅಳಿಸಿ ತಾನೇ ಹೊಸದಾಗಿ ಬರೆದಿದ್ದಳು. ತೆಗೆದ ಹಾಳೆಗಳು ಅಡುಗೆಮನೆಯ ಕಪಾಟಿನಲ್ಲಿ, ಡಬ್ಬಿಗಳ ಕೆಳಗೆ ಹಾಸಿದ ಹಳೆಯ ಪೇಪರಿನಡಿ ಮಲಗಿದ್ದವು. ಅವುಗಳಲ್ಲಿ ಅಂಥದ್ದೇನೂ ಇರಲಿಲ್ಲ. ಮುನ್ನೂರು ವರ್ಷದ ಹಿಂದೆ ಆಂಬ್ರೋಸ್ ಕೆಲ್ಬಿ ಎಂಬ ಇಂಗ್ಲಿಷ್ ಕ್ಯಾಪ್ಟನ್ ಒಬ್ಬನಿಗೆ ಮೇಜರ್ ಪದವಿ ಸಿಗಬೇಕಾಗಿತ್ತು, ಸಿಗಲಿಲ್ಲ, ಅವನಿಗಿಂತ ಕಿರಿಯನೊಬ್ಬನಿಗೆ ಸಿಕ್ಕಿತು ಎಂಬಷ್ಟೇ ಸಂಗತಿ. ಆದರೆ ಇವತ್ತು ಸಂಜೆ ಪುಣೆಯ ಕನ್ನಡ ಬಳಗದ ಸಭೆಯಲ್ಲಿ ಆ ಪುಟಗಳನ್ನು ಗಂಡ, ನಿವೃತ್ತ ಮೇಜರ್ ಪಂಢರಿನಾಥರು, ತಮ್ಮ ಬಾಯಿಂದಲೇ ಓದಿದರೆ ಕೂತವರಿಗೆ ಕೆಲ್ಬಿ ಕಾಣುವುದಿಲ್ಲ, ಓದುವವರೇ ಕಾಣುತ್ತಾರೆ ಎಂದು ಅವಳಿಗೆ ಅನಿಸಿತ್ತು. ತಮ್ಮದೇ ವಾನವಡಿ ಬಡಾವಣೆಯಿಂದ ಬರುವ ನಿವೃತ್ತ ಸೈನಿಕರ ಮನೆಯವರು ಒಬ್ಬರಿಬ್ಬರಾದರೂ ಅಲ್ಲಿರುತ್ತಾರೆ. ಅವರು ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಆ ನೋಟ ಇಂದೂಗೆ ಗೊತ್ತು.

"ಇಂದೂ, ಕೆಲ್ಬಿ ತಯಾರಾದ್ನೇನು?" ಪಂಢರಿನಾಥರು ಒಳಕೋಣೆಯಿಂದ ಕೂಗಿದರು.

"ಅಂವ ಆಗಿಂದ ತಯಾರಾಗಿ ಕೂತಾನ. ನಿಮ್ಮ ಟೈ ಆಗೇದೋ ಇಲ್ಲೋ ಹೇಳ್ರಿ."

"ಟೈ ಆಗೇದ. ಗಂಟು ಎಲ್ಲಿ ಬರಬೇಕು ಅನ್ನೋದು ಅದಕ್ಕ ತಿಳೀವಲ್ದು."

ಅವಳು ಹೋಗಿ ಗಂಟು ಬಿಚ್ಚಿ ಮತ್ತೆ ಕಟ್ಟಿದಳು. ಹೋದ ವರ್ಷ ಅವರ ತಲೆಯಲ್ಲಿ ಸಣ್ಣದೊಂದು ರಕ್ತನಾಳ ಮುಚ್ಚಿಕೊಂಡು ಬಲಗೈಯ ಕೊನೆಯ ಬೆರಳುಗಳು ಸ್ವಲ್ಪ ಮಂದವಾಗಿದ್ದವು. ಮಾತೂ ಒಮ್ಮೊಮ್ಮೆ ದಾರಿಯಲ್ಲಿ ನಿಂತುಬಿಡುತ್ತಿತ್ತು. ಅದಕ್ಕಿಂತ ವಿಚಿತ್ರವೆಂದರೆ, ನಿಂತ ಮಾತು ಮತ್ತೆ ಹೊರಟಾಗ ಕೆಲವು ಸಲ ಬೇರೆ ಊರಿನಿಂದ ಹೊರಡುತ್ತಿತ್ತು. ವಾನವಡಿಯ ಮನೆಯ ಬಾಲ್ಕನಿಯಲ್ಲಿ ಕೂತು, ಹಿಂದೆ ಸೈನ್ಯದಲ್ಲಿದ್ದಾಗ ಇದ್ದ ಪಠಾಣಕೋಟದ ಹಾಲಿನವನನ್ನು ಬೈಯುತ್ತಿದ್ದರು. ಡಾಕ್ಟರು, ಮಾತಾಡ್ಲಿ, ಎಷ್ಟು ಮಾತಾಡಿದ್ರ ಅಷ್ಟು ಛಲೋ ಎಂದಿದ್ದರು. ಅದಕ್ಕೇ ಬಳಗದ ನೀಲಿಮಾ ಫೋನು ಮಾಡಿ ಒಂದು ಭಾಷಣ ಕೊಡಿಸ್ರಿ ಎಂದಾಗ ಇಂದೂ ಒಪ್ಪಿಬಿಟ್ಟಿದ್ದಳು.

ಕೆಲ್ಬಿ ಅವರ ಮನೆಗೆ ಬಂದದ್ದು ನಿವೃತ್ತಿಯ ನಂತರ. ಪುಣೆಯ ಕ್ಯಾಂಪ್ ಪೇಟೆಯ ರದ್ದಿ ಅಂಗಡಿಯೊಂದರಲ್ಲಿ ಇಂಗ್ಲಿಷ್ ಸೈನ್ಯದ ಯಾವುದೋ ಪಲಟಣಿಯ ಹಳೆಯ ಇತಿಹಾಸದ ಪುಸ್ತಕ ಸಿಕ್ಕಿತ್ತು, ಅದರಲ್ಲಿ ಅವನ ಬಗ್ಗೆ ನಾಲ್ಕು ಸಾಲು ಇತ್ತು. ಪಾದ್ರಿಯ ಮಗ. ಮೀಸೆ ಮೂಡುವ ಮೊದಲೇ ಪಲಟಣಿಯ ಬಾವುಟ ಹೊರುವ ಅಧಿಕಾರಿಯಾಗಿ ಯುರೋಪಿನ ಫ್ಲಾಂಡರ್ಸಿನ ಯುದ್ಧಕ್ಕೆ ಹೋದವನು. ತೊಡೆಗೆ ಗುಂಡು ತಿಂದವನು. ಯುದ್ಧ ಮುಗಿದು ಸಂಧಿಯಾದದ್ದೇ ಪಲಟಣಿಯನ್ನು ವಿಸರ್ಜಿಸಿ ಅರ್ಧ ಸಂಬಳದ ಮೇಲೆ ಮನೆಗೆ ಕಳಿಸಿದರು. ಮತ್ತೆ ಕರೆದು ಮಿನೋರ್ಕಾ ಎಂಬ ದ್ವೀಪದ ಕೋಟೆಯ ಕಾವಲಿಗೆ ಹಾಕಿದರು. ಕ್ಯಾಪ್ಟನ್ ಆಗಿ ಹೋದವನು ಕ್ಯಾಪ್ಟನ್ ಆಗಿಯೇ ಅಲ್ಲಿ ಸತ್ತ. ಆ ಕಾಲದಲ್ಲಿ ಪದವಿಗಳನ್ನು ದುಡ್ಡು ಕೊಟ್ಟು ಕೊಳ್ಳುತ್ತಿದ್ದರಂತೆ. ಕೆಲ್ಬಿಯ ಬಳಿ ದುಡ್ಡೂ ಇರಲಿಲ್ಲ, ಶಿಫಾರಸು ಮಾಡುವ ಮಾವಂದಿರೂ ಇರಲಿಲ್ಲ. ಇಷ್ಟೇ. ಈ ನಾಲ್ಕು ಸಾಲನ್ನು ಪಂಢರಿನಾಥರು ವರ್ಷಗಟ್ಟಲೆ ಬೆಳೆಸಿದರು. ಲಂಡನ್ನಿನ ಗ್ರಂಥಾಲಯಗಳಿಗೆ ಪತ್ರ ಬರೆದರು, ಕಂಪ್ಯೂಟರ್ ಕಲಿತರು, ಕಣ್ಣು ನೋಯುವವರೆಗೆ ಹಳೆಯ ಅಕ್ಷರ ಓದಿದರು. ಊಟಕ್ಕೆ ಕರೆದರೆ, ತಡಿ, ಕೆಲ್ಬಿ ಇನ್ನೂ ಹಡಗಿನಾಗ ಇದ್ದಾನ ಎನ್ನುತ್ತಿದ್ದರು. ಅವನಿಗೂ ಒಂದು ತಾಟು ಇಡ್ಲೇನು ಎಂದು ಇಂದೂ ಕೇಳುತ್ತಿದ್ದಳು. ಇಡು, ಆದರ ಅವಗ ಬದನೀಕಾಯಿ ಸೇರೂದಿಲ್ಲ ಎಂದು ಅವರು ತಮ್ಮ ಬದನೆಕಾಯಿಯನ್ನು ಬದಿಗೆ ಸರಿಸುತ್ತಿದ್ದರು. ನಗುತ್ತ ಬಂದ ವರ್ಷಗಳು. ಜಗತ್ತಿನ ಅಷ್ಟು ಸೈನಿಕರಲ್ಲಿ ಇವನೊಬ್ಬನನ್ನೇ ಯಾಕೆ ಹಿಡಿದುಕೊಂಡಿರಿ ಎಂದು ಅವಳು ಕೇಳಲಿಲ್ಲ. ಅವರು ಹೇಳಲಿಲ್ಲ.

ಸಭೆಗೆ ಕರೆದೊಯ್ಯಲು ಬಂದ ಆಟೋದವನು ಸೌಮ್ಯ ಮನುಷ್ಯ. ಪಂಢರಿನಾಥರು ಕಾಲೆತ್ತಿ ಒಳಗಿಡುವವರೆಗೂ ಇಳಿದು ಬಾಗಿಲ ಬಳಿ ಕೈಯೊಡ್ಡಿ ನಿಂತು, "ಸಾವಕಾಶ, ಕಾಕಾ, ಸಾವಕಾಶ" ಎಂದ. ಗುಂಡಿ ಬಂದಲ್ಲೆಲ್ಲ ತಾನೇ ಮೊದಲು "ಸಾಂಭಾಳಾ" ಎಂದು ಮರಾಠಿಯಲ್ಲಿ ಎಚ್ಚರಿಸಿ ನಿಧಾನ ಮಾಡುತ್ತಿದ್ದ. ಇಂದೂ ಅವನ ಕುತ್ತಿಗೆಯ ಹಿಂಭಾಗವನ್ನು ನೋಡುತ್ತ, ಇವನ ತಾಯಿಗೆ ಒಳ್ಳೆಯದಾಗಲಿ ಅಂದುಕೊಂಡಳು. ಸ್ವಾರಗೇಟಿನ ಸಿಗ್ನಲ್ಲಿನಲ್ಲಿ ಬಸ್ಸುಗಳ ನಡುವೆ ಆಟೋ ಸಿಕ್ಕಿಕೊಂಡಿತು. ಪಕ್ಕದ ಸ್ಕೂಟರಿನ ಹುಡುಗಿ ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಕಣ್ಣಷ್ಟೇ ಬಿಟ್ಟಿದ್ದಳು, ಆ ಕಣ್ಣು ಇಂದೂವನ್ನು ನೋಡಿ ಸುಮ್ಮನೆ ನಕ್ಕಿತು. ಪಠಾಣಕೋಟದಲ್ಲಿ ಗಂಡನಿಗಿಂತ ಕಿರಿಯ ಅಧಿಕಾರಿಯೊಬ್ಬನ ಹೆಂಡತಿಯಾಗಿದ್ದ ಮಂಜರಿಯ ಕಣ್ಣೂ ಹಾಗೇ ಇತ್ತು, ನಗುವುದಕ್ಕೆ ಬಾಯಿ ಬೇಕಿರಲಿಲ್ಲ. ಆ ದಿನ ಈಗಲೂ ಕಣ್ಣಿಗೆ ಕಟ್ಟಿದಂತಿದೆ: ಮಂಜರಿ ಬಾಗಿಲಲ್ಲಿ ನಿಂತಿದ್ದಾಳೆ, ಹಸಿರು ರೇಷ್ಮೆ ಸೀರೆ, ಹೊಸದಾಗಿ ಕಮಾಂಡಿಂಗ್ ಆಫೀಸರನ ಹೆಂಡತಿಯಾದವಳು, ಹಾಲ್ ತುಂಬ ಹೆಂಗಸರು ಎದ್ದು ನಿಲ್ಲುತ್ತಿದ್ದಾರೆ. ಕುರ್ಚಿ ಸರಿಯುವ ಸದ್ದು. ಹೋದ ತಿಂಗಳವರೆಗೂ ಇಂದೂ ಬಂದರೆ ಮಂಜರಿ ಏಳುತ್ತಿದ್ದಳು. ಈಗ ಇಂದೂ ಏಳಬೇಕು. ಎದ್ದಳು. ಉಳಿದವರಿಗಿಂತ ಮೊದಲು ಎದ್ದಳೋ ತಡವಾಗಿ ಎದ್ದಳೋ, ಎಷ್ಟು ವರ್ಷ ಕಳೆದರೂ ಅದೊಂದು ತೀರ್ಮಾನವಾಗಿಲ್ಲ. ತಡವಾಗಿದ್ದರೆ ಹೊಟ್ಟೆಕಿಚ್ಚು, ಬೇಗ ಎದ್ದಿದ್ದರೆ ಅದಕ್ಕಿಂತ ಕೆಟ್ಟದ್ದು. ಸೈನ್ಯದಲ್ಲಿ ಅದಕ್ಕೆ ಸೂಪರ್‌ಸೀಡ್ ಎನ್ನುತ್ತಾರೆ. ಬಡ್ತಿಯ ಬೋರ್ಡು ಕೂರುತ್ತದೆ, ಹೆಸರುಗಳು ಹೊರಬೀಳುತ್ತವೆ, ನಿಮ್ಮದು ಇರುವುದಿಲ್ಲ. ನಿಮ್ಮ ಹಿಂದಿದ್ದವನು ಮುಂದೆ ನಿಲ್ಲುತ್ತಾನೆ. ಕಂಟೋನ್ಮೆಂಟಿನಲ್ಲಿ ಆ ಶಬ್ದವನ್ನು ಹಾಗೆ ಆದವನ ಎದುರು ಯಾರೂ ಆಡುವುದಿಲ್ಲ. ಸೂತಕದ ಮನೆಗೆ ಬಂದಂತೆ ಮೆತ್ತಗೆ ಬಂದು, ಹವಾಮಾನದ ಮಾತಾಡಿ, ಹೊರಟುಹೋಗುತ್ತಾರೆ. ಇಂದೂ ಆ ಪದ್ಧತಿಯನ್ನು ತನ್ನ ಮನೆಯೊಳಗೂ ತಂದುಕೊಂಡಿದ್ದಳು. ಪಠಾಣಕೋಟದಿಂದ ಪುಣೆಯವರೆಗೆ, ಮೂವತ್ತೆಂಟು ವರ್ಷದಲ್ಲಿ ಒಂದು ಸಲವೂ ಆ ಶಬ್ದ ಅವರಿಬ್ಬರ ನಡುವೆ ಬಂದಿರಲಿಲ್ಲ. ಅದೇ ತಾನು ಅವರಿಗೆ ಮಾಡಿದ ದೊಡ್ಡ ಸೇವೆ ಎಂದು ನಂಬಿದ್ದಳು. ಇವತ್ತು ಬೆಳಿಗ್ಗೆ ಹಾಳೆ ತೆಗೆದದ್ದೂ ಅದೇ ಸೇವೆಯ ಮುಂದುವರಿಕೆ. ಆಟೋ ಹೊರಟಿತು. ಪಕ್ಕದಲ್ಲಿ ಪಂಢರಿನಾಥರು ತುಟಿಯಲ್ಲೇ ಏನೋ ಪಾಠ ಮಾಡಿಕೊಳ್ಳುತ್ತಿದ್ದರು, ಪರೀಕ್ಷೆಗೆ ಹೊರಟ ಹುಡುಗನ ಹಾಗೆ. ಅವಳು ಮುಖ ತಿರುಗಿಸಿ ಹೊರಗೆ ನೋಡಿದಳು.

ಸಭೆ ನಡೆಯುವುದು ಒಂದು ಹೌಸಿಂಗ್ ಸೊಸೈಟಿಯ ತಳಮಹಡಿಯ ಹಾಲಿನಲ್ಲಿ. ಪ್ಲಾಸ್ಟಿಕ್ ಕುರ್ಚಿಗಳು, ಗೋಡೆಗೆ ಒತ್ತರಿಸಿಟ್ಟ ಟೇಬಲ್ ಟೆನ್ನಿಸ್ ಮೇಜು, ಅದರ ಮೇಲೆ ಉಪ್ಪಿಟ್ಟಿನ ಪಾತ್ರೆ. ಧಾರವಾಡ, ಬೆಳಗಾವಿ ಕಡೆಯ ಹಿರಿಯರೇ ಹೆಚ್ಚು, ಬೆಂಗಳೂರು ಕಡೆಯ ಕೆಲವು ಹೊಸಬರು. ಮುಂದಿನ ಸಾಲಿನಲ್ಲಿ ಶಿವಕಾಂತಾಬಾಯಿ ಇಂದೂಗೆಂದು ಒಂದು ಕುರ್ಚಿಯ ಮೇಲೆ ತಮ್ಮ ಚೀಲ ಇಟ್ಟು ಕಾದಿದ್ದರು. ಅವರು ಬೈಲಹೊಂಗಲದವರು, ಹೆಚ್ಚು ಓದಿದವರಲ್ಲ, ಆದರೆ ಬಳಗದ ಒಂದು ಭಾಷಣವನ್ನೂ ಬಿಟ್ಟವರಲ್ಲ.

"ಬರ್ರಿ ವೈನಿ, ಇಲ್ಲೆ ಕೂಡ್ರಿ. ಸಾಹೇಬ್ರು ಮದುಮಗ ಕಂಡಂಗ ಕಾಣ್ತಾರ."

"ಮದುಮಗನ ಟೈ ನಾನ ಕಟ್ಟೀನ್ರಿ," ಎಂದಳು ಇಂದೂ.

ನೀಲಿಮಾ ಮೈಕು ಹಿಡಿದು ಪರಿಚಯ ಮಾಡಿಕೊಟ್ಟಳು. ಬ್ಯಾಂಕಿನಲ್ಲಿ ದೊಡ್ಡ ಹುದ್ದೆಯಲ್ಲಿದ್ದು ನಿವೃತ್ತಳಾದವಳು, ಚುರುಕು, ಎಲ್ಲರಿಗೂ ಇದ್ದದ್ದಕ್ಕಿಂತ ಒಂದು ಹಿಡಿ ಹೆಚ್ಚೇ ಹೊಗಳಿಕೆ ಹಾಕುವವಳು. "ನಮ್ಮ ಕರ್ನಲ್ ಪಂಢರಿನಾಥ ಸಾಹೇಬ್ರು ಇವತ್ತ..." ಎಂದಳು. ಪಂಢರಿನಾಥರು ಎದ್ದು ಮೈಕಿನ ಮುಂದೆ ನಿಂತು, "ಮೇಜರ್," ಎಂದರು. ಮೆಲ್ಲಗೆ, ಯಾರದೋ ಭುಜದ ಮೇಲಿನ ದಾರ ತೆಗೆದು ಕೊಟ್ಟಂತೆ. ನಂತರ ಹಾಳೆ ತೆಗೆದು ಓದತೊಡಗಿದರು.

ಚೆನ್ನಾಗಿ ಓದಿದರು. ಫ್ಲಾಂಡರ್ಸಿನ ಕೆಸರು ಬಂತು, ಬಾವುಟದ ಬಟ್ಟೆ ಮಳೆಯಲ್ಲಿ ನೆನೆದು ಹುಡುಗನ ಹೆಗಲಿಗೆ ಎಷ್ಟು ಭಾರವಾಗುತ್ತಿತ್ತು ಎಂಬುದು ಬಂತು. ಹಿಂದಿನ ಸಾಲಿನಲ್ಲಿ ಯಾರೋ ಚ್ಚ್ ಎಂದರು. ಅರ್ಧ ಸಂಬಳದ ವರ್ಷಗಳಲ್ಲಿ ಕೆಲ್ಬಿ ತನ್ನ ಸವೆದ ಕೆಂಪು ಕೋಟನ್ನು ಒಳಮೈ ಹೊರಗೆ ತಿರುಗಿಸಿ ಹೊಲಿಸಿಕೊಂಡ ಸಂಗತಿಗೆ ಎಲ್ಲರೂ ನಕ್ಕರು. ಮಿನೋರ್ಕಾಕ್ಕೆ ಹಡಗು ಹೊರಟಿತು. ದ್ವೀಪ ಕಂಡಿತು. ಪಂಢರಿನಾಥರು ಹಾಳೆ ತಿರುವಿದರು, ಓದಿದರು: "ಅವನನ್ನು ಕೋಟೆಯ ಹೊರಗಿನ ಸ್ಮಶಾನದಲ್ಲಿ ಹೂಳಲಾಯಿತು."

ಓದಿ ನಿಂತರು. ಹಾಳೆಯನ್ನು ಹಿಂದಕ್ಕೆ ತಿರುವಿದರು. ಮುಂದಕ್ಕೆ ತಿರುವಿದರು. ಕನ್ನಡಕ ತೆಗೆದು ಹಾಕಿಕೊಂಡರು. ಫ್ಯಾನು ತಿರುಗುತ್ತಿತ್ತು. ಇಂದೂಗೆ ಆಗ ತಿಳಿಯಿತು, ತಾನು ಹಾಳೆ ತೆಗೆದೆ, ಸೇತುವೆ ಕಟ್ಟಲಿಲ್ಲ. ಮೊದಲಿನ ಪಂಢರಿನಾಥರಾಗಿದ್ದರೆ ಒಂದು ಮಾತಿನಲ್ಲಿ ದಾಟಿಬಿಡುತ್ತಿದ್ದರು. ಇವರಿಗೆ ಹಾಳೆಯೇ ನೆಲ. ಅದನ್ನೇ ಕಾಲಡಿಯಿಂದ ಎಳೆದಿದ್ದಳು.

ಹಿಂದಿನಿಂದ ಹರಿಶ್ಚಂದ್ರ ಎದ್ದ. ರೈಲ್ವೆಯಲ್ಲಿದ್ದು ನಿವೃತ್ತನಾದವನು, ದೊಡ್ಡ ದನಿ, ಎಲ್ಲ ಸಭೆಯಲ್ಲೂ ಒಂದು ಚೇಷ್ಟೆ ಮಾಡದೆ ಬಿಡುವವನಲ್ಲ. "ಸಾಹೇಬ್ರ, ನಿಮ್ಮ ಕೆಲ್ಬಿ ಹಡಗ ಇಳದಾಂವ ಸೀದಾ ಸ್ವರ್ಗಕ್ಕ ಹ್ವಾದ್ನೇನ್ರಿ? ನಡುವ ಒಂದ ಸ್ಟೇಷನ್ನೂ ಇಲ್ಲೇನು?"

ಸಭೆ ನಕ್ಕಿತು. ಕೆಟ್ಟ ನಗುವಲ್ಲ. ಆದರೂ ಪಂಢರಿನಾಥರ ಮುಖದಲ್ಲಿ ಅದು ಹೋಗಿ ಬಿದ್ದ ಜಾಗ ಇಂದೂಗೆ ಕಂಡಿತು. ಅವರು ಹಾಳೆಗಳನ್ನು ಮೇಜಿನ ಮೇಲಿಟ್ಟರು. ಎರಡೂ ಕೈಯಿಂದ ಮೈಕಿನ ಕಂಬ ಹಿಡಿದುಕೊಂಡರು.

"ನಡುವ ಅದ," ಎಂದರು. "ನಡುವ ಭಾಳ ಅದ. ಬೋರ್ಡು ಕೂತಿತ್ತು. ನನ್ನ ಹೆಸರು ಬರಲಿಲ್ಲ."

ನಗು ಅಲ್ಲಲ್ಲೇ ನಿಂತಿತು. "ಇವರ ಹೆಸರಾ?" ಎಂದು ಹಿಂದೆ ಯಾರೋ ಹುಡುಗಿ ಪಿಸುಗುಟ್ಟಿದಳು. ನೀಲಿಮಾ ಅರ್ಧ ಎದ್ದು ಇಂದೂವಿನ ಕಡೆ ನೋಡಿದಳು. ನಿಲ್ಲಿಸಲೇ ಎಂದು ಆ ಕಣ್ಣು ಕೇಳಿತು. ನಿಲ್ಲಿಸು ಎಂದು ಇಂದೂವಿನ ಇಡೀ ಮೈ ಕೂಗಿತು. ಎದ್ದು ಹೋಗಿ, ಅವರಿಗೆ ದಣಿವಾಗೇದ್ರಿ ಎಂದು ಹೇಳಿ, ಕೈಹಿಡಿದು ಕೆಳಗಿಳಿಸಿ, ನೀರು ಕುಡಿಸಿ, ಆಟೋ ಹತ್ತಿಸಿ ಮನೆಗೆ ಕರೆದೊಯ್ದುಬಿಡಬೇಕು, ಕದ ಹಾಕಿಬಿಡಬೇಕು. ಅವಳು ಕುರ್ಚಿಯ ಕೈ ಹಿಡಿದು ಏಳಹೋದಳು. ಶಿವಕಾಂತಾಬಾಯಿಯ ಕೈ ಬಂದು ಅವಳ ಮಣಿಕಟ್ಟಿನ ಮೇಲೆ ಕೂತಿತು, ಬೆಚ್ಚಗೆ, ಒರಟಾಗಿ. ಇಂದೂವಿನ ಕಡೆ ನೋಡದೆಯೇ ಶಿವಕಾಂತಾಬಾಯಿ ವೇದಿಕೆಯ ಕಡೆ ಮುಖವೆತ್ತಿ, ಬಾವಿಕಟ್ಟೆಯಲ್ಲಿ ಕೇಳುವಷ್ಟು ಸಹಜವಾಗಿ ಕೇಳಿದರು:

"ಹೆಸರು ಬರಲಿಲ್ಲಂತ ಮನ್ಯಾಗ ಹ್ಯಾಂಗ ಹೇಳಿದ್ರೀ, ಸಾಹೇಬ್ರ?"

ಪಂಢರಿನಾಥರು ಪ್ರಶ್ನೆ ಬಂದ ದಿಕ್ಕಿಗೆ ತಿರುಗಿದರು. ಮುಖದ ಗಂಟು ಸಡಿಲವಾಯಿತು. ಬಹಳ ಕಾಲ ಯಾರಾದರೂ ಕೇಳಲಿ ಎಂದು ಕಾದವರ ಹಾಗೆ.

"ಹೇಳಲೇ ಇಲ್ರಿ ತಾಯಿ. ದ್ವೀಪ ಸಣ್ಣದು. ಸುದ್ದಿ ನನಗಿಂತ ಮೊದಲ ಅಡಗಿಮನಿಗೆ ಬಂದಿತ್ತು. ನಾನು ಪಲಟಣಿಯ ಹಿಂದಿನ ರಸ್ತೇಲಿ ಸುತ್ತ ಹೊಡದು ತಡಾ ಮಾಡಿ ಬಂದೆ. ಆಕಿ ಏನೂ ಕೇಳಲಿಲ್ಲ. ಊಟಕ್ಕ ಬಡಿಸಿದ್ಲು. ಉಂಡೆ. ಮರುದಿನಾ ಪರೇಡು. ಆ ಹೊಸಾ ಸಾಹೇಬಗ ನಾನು ಮೊದಲ ಸೆಲ್ಯೂಟ್ ಹೊಡೀಬೇಕಾಗಿತ್ತು." ನಿಂತರು. ಮಾತು ದಾರಿಯಲ್ಲಿ ನಿಂತಿತು ಎಂದು ಇಂದೂ ಕಣ್ಣು ಮುಚ್ಚಿದಳು. "ಬೆಳಿಗ್ಗೆ ಎದ್ದು ನೋಡಿದ್ರ ಯೂನಿಫಾರ್ಮಿನ ಹಿತ್ತಾಳಿ ಎಲ್ಲಾ ಹೊಳೀಲಿಕ್ಕೆ ಹತ್ತಿತ್ತು. ಅವನ್ನೆಲ್ಲಾ ತಿಕ್ಕೋ ನಮ್ಮ ಆರ್ಡರ್ಲಿ ಆ ಹೊತ್ತಿಗೆ ಬಂದಿರಲಿಲ್ಲ. ಹೆಗಲ ಮ್ಯಾಲಿನ ಸಿಂಹಗಳ ಸಂದ್ಯಾಗ ಬಿಳೀ ಪಾಲಿಶ್ ಉಳದಿತ್ತು. ಆರ್ಡರ್ಲಿ ಎಂದೂ ಹಂಗ ಬಿಡೂದಿಲ್ಲ, ಅಂವ ಕಡ್ಡಿ ಹಾಕಿ ತಗೀತಾನ. ಇದು ಆಕೀ ಕೆಲಸ. ರಾತ್ರಿ ನಾ ಮಲಗಿದ ಮ್ಯಾಲೆ ಕೂತು ತಿಕ್ಕ್ಯಾಳ."

"ಮಿನೋರ್ಕಾದಲ್ಲಿ ಸಿಂಹ ಯಾಕೆ ಬಂತು?" ಎಂದಿತು ಅದೇ ಹುಡುಗಿಯ ದನಿ.

"ಇಂಗ್ಲಿಷರದೂ ಸಿಂಹನ ಅಲ್ಲೇನವ್ವಾ," ಎಂದು ಹರಿಶ್ಚಂದ್ರ ತಿರುಗಿ ನೋಡದೆ ಹೇಳಿದ. ಅವನ ದೊಡ್ಡ ದನಿ ಈಗ ಎಲ್ಲೋ ಹೋಗಿತ್ತು. "ಸುಮ್ನ ಕೇಳು. ನೀವು ಹೇಳ್ರಿ ಸಾಹೇಬ್ರ."

"ಒರಸಬೇಕಾಗಿತ್ತು. ಪರೇಡಿಗೆ ಹಂಗ ಹೋಗೂದು ತಪ್ಪು. ನಾ ಒರಸಲಿಲ್ಲ. ಹಂಗ ಹೆಗಲ ಮ್ಯಾಲೆ ಇಟಗೊಂಡು ಹೋದೆ."

ಇಂದೂ ತನ್ನ ಬೆರಳುಗಳನ್ನು ನೋಡಿಕೊಂಡಳು. ಮೇಜರನ ಹೆಗಲ ಪಟ್ಟಿಯ ಅಶೋಕ ಸಿಂಹಗಳು, ಪಾಲಿಶಿನ ಹುಳಿ ವಾಸನೆ, ಹರಿದ ಬನಿಯನ್ನಿನ ಚೂರು, ಅಡುಗೆಮನೆಯ ಮಂದ ಬಲ್ಬು. ಒಳಕೋಣೆಯಲ್ಲಿ ಅವರ ಉಸಿರು ಸಮವಾಗಿ ಬರುತ್ತಿತ್ತು, ನಿದ್ದೆ ಹತ್ತಿದೆ ಎಂದುಕೊಂಡಿದ್ದಳು. ಬೇರೇನು ಮಾಡಬೇಕೆಂದು ತಿಳಿಯದೆ ತಿಕ್ಕಿದ್ದಳು. ಬೆಳಿಗ್ಗೆ ಅವರು ಒಂದು ಮಾತೂ ಆಡದೆ ತೊಟ್ಟುಕೊಂಡು ಹೋದಾಗ, ಇವರ ಕಣ್ಣಿಗೆ ಅದು ಬೀಳಲೇ ಇಲ್ಲ ಎಂದು ಸಣ್ಣದೊಂದು ನೋವಾಗಿ, ಇಂಥ ದಿನ ನಿನಗೆ ಅದೊಂದು ನೋವೇ ಎಂದು ತನ್ನನ್ನೇ ಬೈದುಕೊಂಡು, ಮರೆತಿದ್ದಳು. ಇಷ್ಟು ವರ್ಷ ಅವರಿಗೆ ಗೊತ್ತಿತ್ತು. ತಾನು ಶಬ್ದ ಮಾಡದೆ ಕಾದ ಮನೆಯಲ್ಲಿ ಅವರೂ ಶಬ್ದ ಮಾಡದೆ ಕಾಯುತ್ತ ಕೂತಿದ್ದರು. ಒಬ್ಬರಿಗಾಗಿ ಒಬ್ಬರು ಬಾಯಿ ಮುಚ್ಚಿಕೊಂಡು, ಮುನ್ನೂರು ವರ್ಷದ ಹಿಂದಿನ ಒಬ್ಬ ಬಡಪಾಯಿಯನ್ನು ಕರೆತಂದು ನಡುವೆ ಕೂರಿಸಿಕೊಂಡು, ಅವನ ತಾಟಿಗೆ ಬದನೆಕಾಯಿ ಬಡಿಸುತ್ತ.

"ಮುಂದ ಏನಾತ್ರಿ?" ಎಂದರು ಶಿವಕಾಂತಾಬಾಯಿ.

ಪಂಢರಿನಾಥರು ಬಾಯಿ ತೆರೆದರು. ಏನೂ ಬರಲಿಲ್ಲ. ಹಾಳೆಯ ಕಡೆ ನೋಡಿದರು, ಜನರ ಕಡೆ ನೋಡಿದರು, ಕತ್ತಲಲ್ಲಿ ಗೋಡೆ ತಡವುವವರ ಹಾಗೆ ಕಣ್ಣು ಸಾಲಿನಿಂದ ಸಾಲಿಗೆ ಹೋಗಿ ಕೊನೆಗೆ ಅವಳನ್ನು ಮುಟ್ಟಿತು. "ಇಂದೂ," ಎಂದರು ಮೈಕಿನಲ್ಲೇ. "ಮುಂದ ಏನಾತು?"

ಮಣಿಕಟ್ಟಿನ ಮೇಲಿದ್ದ ಕೈ ಸರಿಯಿತು. ಇಂದೂ ಎದ್ದಳು. ವೇದಿಕೆಯೆಂದರೆ ಒಂದೇ ಮೆಟ್ಟಿಲು, ನೀಲಿಮಾ ಬಂದು ತೋಳು ಹಿಡಿದು ಹತ್ತಿಸಿದಳು, ಕಿವಿಯಲ್ಲಿ "ಕರ್ನಲ್ ಅಂದದ್ದು ತಪ್ಪಾತ್ರಿ, ಮನಸಿನಾಗ ಇಟಗೋಬ್ಯಾಡ್ರಿ" ಎಂದಳು. ಇಂದೂ ಅವಳ ಕೈ ಅದುಮಿದಳು. ಮೈಕಿನ ಮುಂದೆ ಎಂದೂ ನಿಂತವಳಲ್ಲ. ಗಂಡನ ಪಕ್ಕದಲ್ಲಿ ನಿಂತು, ಸಭೆಯ ಕಡೆ ನೋಡದೆ, ಅವರ ಮುಖ ನೋಡುತ್ತಲೇ ಹೇಳಿದಳು.

"ಅವರನ್ನ ಸೂಪರ್‌ಸೀಡ್ ಮಾಡಿದ್ರು."

ಶಬ್ದ ಸ್ಪೀಕರಿನಿಂದ ಹೊರಟು ಹಾಲಿನ ಆಚೆ ಗೋಡೆಗೆ ತಾಗಿತು. ಏನೂ ಆಗಲಿಲ್ಲ. ಫ್ಯಾನು ತಿರುಗುತ್ತಿತ್ತು. ಯಾರೂ ಯಾರ ಮುಖವನ್ನೂ ನೋಡಲಿಲ್ಲ, ಎಲ್ಲರೂ ಅವಳನ್ನೇ ನೋಡುತ್ತಿದ್ದರು.

"ಮರುದಿನಾ ಪರೇಡ್ ಆತು. ಸೆಲ್ಯೂಟ್ ತಗೊಳ್ಳೋ ಆ ಹುಡುಗಗ ಭಾಳ ಅಂಜಿಕಿ ಆಗಿತ್ತು. ಇವರ ಕೈಕೆಳಗ ಕೆಲಸಾ ಕಲತಾಂವ ಅಂವ. ಪರೇಡ್ ಮುಗದ ಮ್ಯಾಲೆ ಇವರು ಅವನ ಕೋಣಿಗೆ ಹೋಗಿ, ಕದಾ ಹಾಕಿ, ನೀ ಸಂಕೋಚ ಮಾಡಬ್ಯಾಡ, ನಾ ಇದ್ದೀನಿ, ತಪ್ಪಿದ್ರ ಯಾರಿಗೂ ಕೇಳದಂಗ ಹೇಳತೀನಿ ಅಂದ್ರು. ಅಂದಂಗ ನಡಕೊಂಡ್ರು. ಆ ಹುಡುಗ ಮನಿಗೆ ಹೋಗಿ ಅತ್ತನಂತ. ಅವನ ಹೆಂಡತಿ ಕಾಯಿಪಲ್ಲೆ ಅಂಗಡ್ಯಾಗ ನನ್ನ ಕೈ ಹಿಡದು ಹೇಳಿದ್ಲು. ನಾ ಇವರಿಗೆ ಹೇಳಿರಲಿಲ್ಲ."

ಪಂಢರಿನಾಥರು ತಲೆ ಒಂದಿಷ್ಟು ಓರೆ ಮಾಡಿ ಕೇಳುತ್ತಿದ್ದರು, ಕತೆ ಕೇಳುವವರ ಹಾಗೆ. ಇದು ಮಿನೋರ್ಕಾವೋ ಪಠಾಣಕೋಟವೋ, ಆ ಮನುಷ್ಯ ಯಾರು ಎಂಬುದು ಅವರಿಗೆ ಈಗ ಸ್ಪಷ್ಟವಿದ್ದಂತೆ ಕಾಣಲಿಲ್ಲ. ಅವಳಿಗೂ ಅದನ್ನು ಬಿಡಿಸಿ ಹೇಳಬೇಕೆನಿಸಲಿಲ್ಲ.

"ಅಂದ್ರ ಅಂವ ಛಲೋ ಆಫೀಸರ ಇದ್ದ ಅಂತೀ?" ಎಂದು ಕೇಳಿದರು.

"ಭಾಳ ಛಲೋ ಇದ್ರು," ಎಂದಳು ಇಂದೂ.

ಅವರು ತಲೆಯಾಡಿಸಿದರು, ಪರಿಚಯದವರ ಮನೆಯ ಒಳ್ಳೆಯ ಸುದ್ದಿ ಕೇಳಿ ಸಂತೋಷಪಟ್ಟವರ ಹಾಗೆ.